ನಾಟ್ ಎಲ್ಲಿ ಇಡುವುದು

ಫಹಾಹೀಲಿನ ಲಾಂಡ್ರಿಯ ಹಿಂದೆ, ಶುಕ್ರವಾರ,
ಇಸ್ತ್ರಿ ಮೇಜಿನ ಮೇಲೆ ನಾಲ್ಕು ನೋಟುಪುಸ್ತಕ.
ಲವೀನಾ ಸಿಸ್ಟರ್ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಕೆಂಪು ಕಣ್ಣಲ್ಲೇ ಬಂದು
ರಟ್ಟಿನ ಪೆಟ್ಟಿಗೆಯ ಮೇಲೆ ಮಾರ್ಕರಿನಲ್ಲಿ ಬರೆದರು:
ಆಮ್, ಈಸ್, ಆರ್. ಅದಾದ ಮೇಲೆ ನಾಟ್.
ಅದಾದ ಮೇಲೆ ಕೆಲಸ, ಬಾಲಕ್ಕೊಂದು ಇಂಗ್.
"ನಾಟ್ ಕೊನೆಗೆ ಇಟ್ಟರೆ ಮಾರ್ಕು ಕತ್ತರಿಸುತ್ತೇನೆ, ಐತಪ್ಪಣ್ಣ."

ನಾನು ಕೊನೆಗೇ ಇಟ್ಟಿದ್ದೆ.
ನಲವತ್ತೊಂಬತ್ತು ವರ್ಷ ಇಲ್ಲವನ್ನು ಕೊನೆಗೇ ಇಟ್ಟವನು.
ಬರು, ಬರುತ್ತಿ, ಅಲ್ಲಿಯವರೆಗೂ ಬರುವವನೇ;
ಕೇಳುವವರು ಎದ್ದು ಚಾಪೆ ಹಾಸಬಹುದು.
ಆಮೇಲೆ ಮೆಲ್ಲಗೆ, ಲ್ಲ.

ಇಂಗ್ಲಿಷು ಹಾಗಲ್ಲ. ಆಳು ಯಾರೆಂದು ಹೇಳಿ
ಬಾಗಿಲಲ್ಲೇ ನಾಟ್ ನಿಲ್ಲಿಸಬೇಕು,
ಕೆಲಸ ಒಳಗೆ ಕಾಲಿಡುವ ಮೊದಲು.

ನಮ್ಮ ಇಲ್ಲಕ್ಕೆ ಆಳಿನ ಗೊಡವೆಯಿಲ್ಲ.
ನಾನು ಕೊಡುತ್ತಿಲ್ಲ, ನೀನು ಕೊಡುತ್ತಿಲ್ಲ, ಮುದೀರ್ ಕೊಡುತ್ತಿಲ್ಲ:
ಎಲ್ಲರೂ ಒಂದೇ ಹಗ್ಗಕ್ಕೆ ಒಣಗಹಾಕಿದ ಅಂಗಿ.
ಅಲ್ಲಿ ಅವನಿಗೆ ಈಸ್, ಅವರಿಗೆ ಆರ್,
ಬೇಕಾದರೆ ನಾಟನ್ನು ಮಡಚಿ ಅಂಟಿಸಬಹುದು, ಈಸಂಟ್, ಆರಂಟ್.
"ನಾನು ಅನ್ನುವಾಗ ಮಾತ್ರ ಮಡಚಲಿಕ್ಕಾಗುವುದಿಲ್ಲ," ಅಂದರು ಸಿಸ್ಟರ್,
"ಆಮ್ ಬೇರೆ, ನಾಟ್ ಬೇರೆ. ಪೂರಾ ಹೇಳಬೇಕು."

ಹಸೈನಾರ್ ಎದ್ದು ಹೇಳಿದ: ಎಸಿ ಈಸ್ ನಾಟ್ ವರ್ಕಿಂಗ್.
ಅದಕ್ಕೆ ವ್ಯಾಕರಣ ಬೇಡ, ಎಲ್ಲರ ಬೆನ್ನಿಗೂ ಗೊತ್ತಿತ್ತು.
ಕೊರಗಪ್ಪ: ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್.
ತಪ್ಪಂತೆ. ಅರ್ಥವಾಗುವುದಕ್ಕೆ ಇಂಗ್ ಹತ್ತುವುದಿಲ್ಲವಂತೆ.
"ಮತ್ತೆ ನನಗೆ ಈಗ ಆಗುತ್ತಿಲ್ಲವಲ್ಲ?" ಅವನ ವಾದ.
ಸಿಸ್ಟರ್ ನೀರು ಕುಡಿದರು.

ಈ ಊರಿನ ಇಲ್ಲ ಎಲ್ಲಕ್ಕಿಂತ ಮುಂದೆ.
ಬಂದ ಹೊಸತರಲ್ಲಿ ಮುದೀರ್ 'ಮಾಫಿ' ಅಂದಾಗ
ಏನನ್ನೋ ಮಾಫಿ ಮಾಡಿದನೆಂದು ಕೈ ಮುಗಿದಿದ್ದೆ,
ಸೊಸೈಟಿಯ ಸಾಲ ಮಾಫಿ ಆದವರ ಹಾಗೆ.
ಮಾಫಿ ಅಂದರೆ ಇಲ್ಲ. ಮಾಫಿ ಮಾಶ್: ಸಂಬಳ ಇಲ್ಲ.
ಮೊದಲು ಇಲ್ಲ, ಆಮೇಲೆ ಏನು ಇಲ್ಲವೆಂಬುದು.
ಆ ವಾಕ್ಯಕ್ಕೆ ಈಗ ನಾಲ್ಕು ತಿಂಗಳು.

ಭಾನುವಾರ ಲೇಬರ್ ಆಫೀಸು.
ಟೋಕನ್ ಇನ್ನೂರ ಹನ್ನೆರಡು.
ಗಾಜಿನಾಚೆಯ ಹೆಂಗಸು ಕಾಗದ ತಿರುಗಿಸಿ ಓದಿದಳು,
ಕಂಪನಿ ಈಸ್ ನಾಟ್ ಪೇಯಿಂಗ್.
ನಾಟ್ ನಡುವೆ, ಅದರ ಜಾಗದಲ್ಲಿ,
ಇಸ್ತ್ರಿಯ ಗೆರೆಯಷ್ಟು ನೇರ.
"ಯೂ ಆರ್ ವರ್ಕಿಂಗ್ ನೌ?" ಕೇಳಿದಳು.

ಏನೆನ್ನಲಿ? ಬಾಯ್ಲರು ಆರಿ ಹನ್ನೊಂದು ದಿನ.
ನಾಲಗೆ ಮಾಫಿಯ ಕಡೆ ಓಡಿತು, ಇಲ್ಲದ ಕಡೆ ಓಡಿತು,
ಬೆನ್ನ ಹಿಂದೆ ಇನ್ನೂರ ಹದಿಮೂರು ಕೆಮ್ಮಿದ.
ಐ, ಅಂದೆ.
ಆಮ್, ಅಂದೆ.
ಅವಳು ಪೆನ್ನಿನ ಮುಚ್ಚಳ ತೆಗೆದು ಕಾದಳು.