ಐದು ಆಂಪಿಯರಿನ ಮನಿ

ಬ್ರಹ್ಮಪುರದ ಈ ವಾಡೇದಾಗ
ಮೂರು ಒಲಿ, ಮೂರು ಕೀಲಿ, ಒಂದೇ ಮೀಟರ್.
ಕಟ್ಟಿಗಿ ಪಟ್ಟಿ ಹಿಡದು ಹೋಗೋ ಹಳೀ ವೈರಿಗೆ
ಐದು ಆಂಪಿಯರಿನ ಒಂದೇ ಎಳಿ ಕಾವಲು.
ಏಪ್ರಿಲ್ ಬಂತಂದರ ಸಂಜಿ ಏಳಕ್ಕ
ಆ ಎಳಿ ಸುಟ್ಟು ಕರ್ರಗಾಗತದ.
ಕೂಲರ್ ನಿಂತು ತೊಯ್ದ ಹುಲ್ಲಿನ ವಾಸನಿ ಅಷ್ಟೇ ಉಳೀತದ.
ಎಲ್ಲಾರೂ ಅಂಗಳಕ್ಕ ಬಂದು ಮ್ಯಾಲ ನೋಡತಾರ.

ಮ್ಯಾಲ ಗೌಸೋದ್ದೀನ್ ಮಾಮಾನ ಖೋಲಿ.
ಟ್ರಂಕಿನಷ್ಟು ದೊಡ್ಡ ಆಂಪ್ಲಿಫಾಯರ್,
ಕಪಾಟಿನಂಥ ಎರಡು ಸ್ಪೀಕರ್.
ಶಹಾಬಾದಿನಾಗ ಮೂವತ್ತು ವರ್ಷ ಮೋಟಾರು ಸುತ್ತಿದ ಕೈ
ಈಗ ಗುಂಡಿ ತಿರುವಿ ಸಾರಂಗಿ ಹುಡಕತದ.

"ಹಿಂದ ಬರದದ ನೋಡು, ಮುನ್ನೂರು ವ್ಯಾಟ್!"
ಅಂದಳು ಮನಿ ಮಾಲಕಿ ನೀಲಗಂಗಮ್ಮ.
"ಐಟಿಐ ಕಲೀಲಿಕತ್ತೀದಿ ಜಗದೇವಿ, ಲೆಕ್ಕ ಮಾಡಿ ಕೊಡು.
ಮೂರು ಪಾಲು ಇನ್ನ ಸಾಕು,
ಮುಂದಿನ ತಿಂಗಳಿಂದ ಅವನದು ಅವನಿಗೆ."

ನಾ ಅಂದೆ: ಗಂಜಿನ ಹಮಾಲ
ನೂರು ಕಿಲೋ ತೊಗರಿ ಚೀಲ ಎತ್ತತಾನಂತ
ದಿನಾ ನೂರು ಕಿಲೋ ಉಣ್ಣತಾನೇನ್ರಿ?
ಹಿಂದ ಬರದದ್ದು ತಾಕತ್ತು.
ಹಸಿವಿ ಬ್ಯಾರೆ.

ಐತವಾರ ಮಧ್ಯಾಹ್ನ ಫ್ಯಾನು, ಕೂಲರು, ಫ್ರಿಜ್ಜು
ಎಲ್ಲಾ ಬಂದ್ ಮಾಡಿಸಿ
ಮೀಟರಿನ ಮುಂದ ಸ್ಟೂಲ್ ಹಾಕಿ ಕುಂತೆ.
ಅದರ ಕೆಂಪು ಕಣ್ಣು
ಮೂರು ಸಾವಿರದ ಇನ್ನೂರು ಸಲ ಮಿಣುಕಿದರ ಒಂದು ಯುನಿಟ್.
ಮೊದಲ ಸುಮ್ಮನಿತ್ತು, ಸತ್ತಂಗ.
"ಹಚ್ಚರಿ ಮಾಮಾ" ಅಂದೆ. ಸಾರಂಗಿ ಇಳಕೊಂತ ಬಂತು.
ಐದು ನಿಮಿಷಕ್ಕ ಹತ್ತೇ ಮಿಣುಕು.
ಕಾಪಿ ಪುಸ್ತಕದಾಗ ಗುಣಿಸಿ ಭಾಗಿಸಿದೆ:
ಮೂವತ್ತೇಳೂವರಿ ವ್ಯಾಟ್.
"ಜೋರ್ ಮಾಡರಿ" ಅಂದೆ. ಫರಸಿ ನಡಗಿದವು,
ನೀಲಗಂಗಮ್ಮನ ಡಬ್ಬಿ ಝಣ ಝಣ ಅಂದವು.
ಹದಿನಾರು ಮಿಣುಕು. ಅರವತ್ತು ವ್ಯಾಟ್.
ಕೂಲರಿನ ಮೂರನೇ ಪಾಲು ಸೈತ ಆಗಲಿಲ್ಲ!

"ಈಗ ಅದೂ ಬಂದ್ ಮಾಡರಿ."
ಸದ್ದು ನಿಂತಿತು. ಕಣ್ಣು ಓಡಲಿಕ್ಕ ಶುರು ಮಾಡಿತು.

ನಿಮಿಷಕ್ಕ ನಲವತ್ತು.
ಜರಾ ಹೊತ್ತು ಓಡಿ, ನಿಂತು, ಮತ್ತ ಓಡಿ.
ಏಳನೂರ ಐವತ್ತು ವ್ಯಾಟ್,
ಕಾಯ್ದಾಗ ನಿಲ್ಲೋದು, ತಣ್ಣಗಾದಾಗ ಹೊರಡೋದು.
ಇದು ಯಾವ ಸಾಮಾನು ಅಂತ
ನನಗ ಪುಸ್ತಕ ತಗೀಬೇಕಾಗಲಿಲ್ಲ.
ನಮ್ಮ ಮುಚ್ಚಿದ ಕದದ ಸಂದೀಲಿಂದ
ನೀರು ಚಿಮುಕಿಸಿದ ಬಟ್ಟಿಯ ಬಿಸಿ ವಾಸನಿ ಬರಲಿಕತ್ತಿತ್ತು.
ಮೆಡಿಕಲ್ ಕಾಲೇಜಿನ ಬಿಳೀ ಕೋಟು,
ಕೋಟಿಗೆ ಐದು ರೂಪಾಯಿ.
ಹಾಡು ನಿಂತದ್ದಕ್ಕ ಲೆಕ್ಕ ಮುಗೀತು ಅಂದಕೊಂಡಿದ್ದಳು ಅವ್ವ.
ಇಸ್ತ್ರಿ ಸದ್ದು ಮಾಡೋದಿಲ್ಲ.

ಮೆಟ್ಟಲ ಮ್ಯಾಲ ಮಾಮಾ ನಿಂತಿದ್ದ.
ನನ್ನ ಮಾರಿ ನೋಡಿ ಹಗರಕ ಅಂದ:
"ಬೇಟಿ, ಅದು ಹತ್ತಿ ಆರಿದಾಗೆಲ್ಲ
ನನ್ನ ಸ್ಪೀಕರಿನಾಗ ಟಕ್ ಅಂತದ.
ದೀಪಾವಳಿಯಿಂದ ಕೇಳಲಿಕತ್ತೀನಿ.
ಸಾರಂಗಿಗೆ ತಬಲಾ ಸಿಕ್ಕಂಗ ಆಗ್ಯಾದ,
ತಾಳ ಅಷ್ಟೇ ಜರಾ ಕಚ್ಚಾ."
ಮತ್ತ ಯಾಕ ಹೇಳಲಿಲ್ರಿ, ಅಂದೆ.
ಅಂವ ಟೊಪಿಗಿ ತಗದು ಬೆವರು ಒರಸಿಕೊಂಡ.
"ಫ್ಯೂಜ್ ಹೋದರ ನಾ ಹಾಕತೀನಿ. ಕೋಟು ಸುಟ್ಟರ?"

ನೀಲಗಂಗಮ್ಮ ಚೀಟಿಗಿ ಕೈ ಚಾಚಿದಳು.
ಓದಿದಳು, ಬೆರಳು ಹಚ್ಚಿ, ಒಂದೊಂದೇ ಸಾಲು.
"ಇವನದು ಇಷ್ಟೇ ಏನ? ಮತ್ತ ಇದು ಯಾರದು?"
ಪೆನ್ಸಿಲಿನ ತುದಿ ಕಚ್ಚಿ ಕಚ್ಚಿ ಬಾಯಾಗ ಕಟ್ಟಿಗಿ ರುಚಿ.
ನಮ್ಮದು, ಅಂದೆ.
ಅಕಿ ಬೈಲಿಲ್ಲ. ಬೈದಿದ್ದರ ಚೊಲೋ ಇತ್ತು.
ಚೀಟಿ ಮಡಚಿ ಕುಪ್ಪಸದಾಗ ಇಟಗೊಂಡು
"ನಾಲ್ಕು ಪಾಲು ಮಾಡು, ನಿಮ್ಮವು ಎರಡು" ಅಂತ
ಒಳಗ ಹೋಗಿ ಕೂಲರ್ ಹಚ್ಚಿದಳು.

ಈಗ ಅವ್ವ ಕೋಟು ತಿಕ್ಕೋದು ನಸಿಕಿನಾಗ, ನಾಲ್ಕಕ್ಕ,
ಕೂಲರ್ ಬಂದ್ ಆದ ಮ್ಯಾಲ.
ಮಾಮಾ ಆಗ ನಮಾಜಿಗೆ ಎದ್ದಿರತಾನ, ಪೆಟ್ಟಿಗಿ ಮುಟ್ಟೋದಿಲ್ಲ.
ನಾ ಕೌದಿಯೊಳಗ ಎಚ್ಚರ.
ಮಾಳಿಗಿ ಕಡೆ ಕಿವಿ ಕೊಟ್ಟು
ಬರಲಾರದ ಆ ಟಕ್ ಎಣಸತೀನಿ.