ಪೇರಲಕಾಯಿ ಅಳತಿ

ನಲವತ್ತು ವರ್ಷ ಖಾಕಿ ಹೊಲದೇನಿ.
ಹವಾಲ್ದಾರರ ಹೊಟ್ಟಿ, ಕಂಡಕ್ಟರರ ಹೆಗಲು,
ಸಾಲಿ ಹುಡುಗರು ಹರಕೊಂಡು ಬಂದ ಮೊಣಕಾಲು.
ಬೆಟಗೇರಿಯೊಳಗ ನನ್ನ ಟೇಪು ಸುತ್ತದ ಸೊಂಟ ಕಡಿಮಿ.
ಕುಂಚಿಗಿ ಮಾತ್ರ ನನ್ನ ಕೆಲಸಲ್ಲ.
ಅದು ಅಕಿದು.

ದೀಪಾವಳಿಗೆ ಎಂಟು ದಿನ ಇದ್ದಾಗ
ಮಗ್ಗದ ಪಂಪಣ್ಣ ಬಂದ,
ಚಪ್ಪಲಿ ಬಿಡದ ಹೊಸ್ತಿಲ ಹೊರಗ ನಿಂತ.
"ಚಂಪಾ ಹಡದ್ಲು. ಎರಡು ತಿಂಗಳು ಮೊದಲ.
ಕೂಸು ಗಾಜಿನ ಪೆಟಗಿಯೊಳಗ ಐತಿ.
ತಲಿ..." ಅಂದು ತನ್ನ ಅಂಗೈ ನೋಡಿಕೊಂಡ,
ಮಗ್ಗದಾಗ ಎಳಿ ಹರದಾಗ ನೋಡಿಕೊಂತಾನಲ್ಲ, ಹಂಗ.
"ತಲಿ ಒಂದು ಪೇರಲಕಾಯಿಯಷ್ಟ."

ಅಕಿ ಒಳಗಿಂದನ ಕೇಳಿದ್ಲು.
ಕಣ್ಣು ಹೋಗಿ ಮೂರು ವರ್ಷ, ಕಿವಿ ಇನ್ನೂ ಸೂಜಿಮೊನಿ.
"ದೊಡ್ಡ ಪೇರಲನೋ, ಸಣ್ಣದೋ?"
ಪಂಪಣ್ಣನ ಹತ್ರ ಉತ್ತರ ಇರಲಿಲ್ಲ.
ನಾ ಸಂತಿಗೆ ಹೋಗಿ ಮೂರು ತಂದೆ.
ಅಕಿ ಒಂದೊಂದ ಅಂಗೈಯಾಗಿಟ್ಟು ತೂಗಿ
ನಡುವಿಂದು ಮಾಡದಾಗ ಎತ್ತಿಟ್ಲು.
ಉಳದೆರಡಕ್ಕ ಉಪ್ಪು ಖಾರ ಹಚ್ಚಿ ತಿಂದ್ವಿ.

ಅರಿವಿ?
"ಟ್ರಂಕಿನ ತಳದಾಗ ನನ್ನ ಚಂದ್ರಕಾಳಿ ಐತಿ.
ಸೆರಗಿನ ತುದಿ ಕತ್ತರಸ್ರಿ."
ಸಾವಿರ ಥಾನು ಕತ್ತರಿಸಿದಾಂವ ನಾ.
ಅಕಿ ಧಾರಿ ಸೀರಿ ಮುಂದ
ಕತ್ತರಿ ಬಾಯಿ ತಕ್ಕೊಂಡು ಹಂಗ ನಿಂತತು.
"ಯಾಕ, ಮೊಂಡಾತೇನು?"
"ಇಲ್ಲ."
"ಮತ್ತ ಕರ್ರ್ ಅನ್ನೋ ಸಪ್ಪಳ ಬರವಲ್ದು."

ಒಳಗ ಅಸ್ತರಕ್ಕ ನನ್ನ ಹಳೇ ಧೋತರ,
ಒಗದು ಒಗದು ಬೆಣ್ಣಿಯಾದದ್ದು.
ಅಂಚಿಗೆ ಖಣದ ಪಟ್ಟಿ.
ಅಷ್ಟು ಮಷೀನಿನ ಮ್ಯಾಲೆ ಚಿಟಕಿ ಹೊಡಿಯೂದ್ರಾಗ ಆಗತಿತ್ತು.
ಅಕಿ ಬಿಡಬೇಕಲ್ಲ!
"ನೆತ್ತಿ ಮ್ಯಾಲೆ ಒಂದು ಗಿಳಿ ಬೇಕು. ಕಸೂತಿ. ಕೈಲೆ."

ಮಷೀನಿಗೆ ಮ್ಯಾಲೊಂದು ದಾರ, ಕೆಳಗೊಂದು ದಾರ.
ಕಸೂತಿಗೆ ಒಂದ ದಾರ,
ಅದ ಹೋಗಬೇಕು, ಅದ ಬರಬೇಕು.
"ನಾಕು ಎಳಿ ಎಣಸ್ರಿ, ಸೂಜಿ ಹಾಕ್ರಿ, ನಾಕು ಬಿಡ್ರಿ.
ತುದಿ ಮುಟ್ಟಿದ ಮ್ಯಾಲೆ ತಿರಗ್ರಿ.
ಬಿಟ್ಟ ಜಾಗಾ ತುಂಬಿಕೊಂತ ಮನಿಗೆ ಬರ್ರಿ.
ಗಂಟು ಹಾಕಬ್ಯಾಡ್ರಿ ಮತ್ತ."
ಕರಿ ಅರಿವಿ ಮ್ಯಾಲೆ ಕರಿ ಎಳಿ ಎಣಸೂದು
ಇರುವಿ ಸಾಲಿನ ಹಾಜರಿ ತಗೊಂಡಂಗ.
ಕಣ್ಣಿದ್ದಾಂವ ನಾ, ತಪ್ಪತಿದ್ದೆ.
ಅಕಿ ಹೆಬ್ಬೆರಳು ಮ್ಯಾಲೆ ಆಡಿಸಿ, ಅರಿವಿ ಹೊಳ್ಳಿಸಿ
ತಳಗೂ ಆಡಿಸಿ
"ಬಿಚ್ರಿ" ಅಂತಿದ್ಲು.
ಮೂರನೇ ಸಲ ನನ್ನ ಗಿಳಿ ಅಕಿ ಬೆರಳಿಗೆ
ಕೋಳಿ ಅಂತ ಅನಿಸಿ
ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ಕ್ವಿ.
ಲೈಟ್ ಹೋಗಿತ್ತು. ಅಕಿಗೆ ಗೊತ್ತಾಗಲಿಲ್ಲ,
ನಾನೂ ಹೇಳಲಿಲ್ಲ.

ನಾಕನೇ ಸಲ ನಾ ಸಿಟ್ಟಿಗೆದ್ದೆ.
"ಮ್ಯಾಲೆ ಚಂದ ಐತಿ. ಹಿಂದ ಒಂದೆರಡು ಎಳಿ ಜೋತಾವ, ಅಷ್ಟ.
ಅಸ್ತರದಾಗ ಮುಚ್ಚಿ ಹೋಗತೈತಿ.
ಹಿಂಬದಿ ಯಾರು ನೋಡತಾರ?"
ಅಕಿ ಎಲಿ ಅಡಕಿ ನಮಲೂದು ನಿಲ್ಲಿಸಿದ್ಲು.
"ಕೂಸಿನ ತಲಿ ಆ ಕಡೆನ ಇರತೈತಲ್ರಿ."

ಬಿಚ್ಚಿದೆ.

ನೀರು ತುಂಬೋ ದಿನ ಪಂಪಣ್ಣನ ಕೈಯಾಗ ಕುಂಚಿಗಿ ಕೊಟ್ಟೆ.
ಆಸ್ಪತ್ರಿ ನರ್ಸಬಾಯಿ ತಲಿಗೆ ಹಾಕಗೊಡಲಿಲ್ಲಂತ,
ಮೂಗಿಗೆ ನಳಿಗಿ ಐತಿ, ಇನ್ನಷ್ಟು ದಿನ ಹೋಗಲಿ ಅಂದ್ಲಂತ.
ಪೆಟಗಿ ಮೂಲ್ಯಾಗ ತೂಗಬಿಟ್ಟಾರ,
ಓಣಿ ತುಂಬ ತೂಗತಾವಲ್ಲ ಆಕಾಶಬುಟ್ಟಿ, ಹಂಗ.
ಚಂಪಾ ಸ್ಟೂಲಿನ ಮ್ಯಾಲೆ ಕುಂತು
ಗಿಳಿ ನೋಡತಾಳಂತ, ಕೂಸು ನೋಡತಾಳಂತ.

ಮಾಡದಾಗಿನ ಪೇರಲ ಹಣ್ಣಾಗೈತಿ.
ಹಟ್ಟೆವ್ವನ ಸಗಣಿ, ಚೆಂಡುಹೂವು, ಮಷೀನಿನ ಎಣ್ಣಿ,
ಎಲ್ಲಾದರ ಮ್ಯಾಲೆ ಅದರದ ವಾಸನಿ.
ಇವತ್ತು ಮುಂಜಾನೆ ಅಕಿ ಅದನ್ನ ಹುಡುಕಿ ತಗೊಂಡು
ಒತ್ತಿ ನೋಡಿ
ನನ್ನ ಕೈಯಾಗಿಟ್ಲು.
"ಇದನ್ನ ತಿನ್ರಿ.
ಬರೂವಾಗ ಇದಕಿಂತ ಸ್ವಲ್ಪ ದೊಡ್ಡದು
ಒಂದು ತರ್ರಿ."