ಐವತ್ತಾರು ಎಪಿಓ

ಬ್ಯಾಡಗಿ ಅಂಚೆ ಕಚೇರಿ ಮೆಟ್ಟಲ ಬಾಜೂಕ
ನನ್ನ ಗೋಣಿತಟ್ಟು, ದಬ್ಬಣ, ಸುತಲಿ ಉಂಡಿ,
ಅರಗು ಕರಗಿಸಾಕ ಒಂದು ಚಿಮಣಿ.
ಇಪ್ಪತ್ತೆರಡು ವರ್ಷ ಪಾರ್ಸಲ್ಲು ಹೊಲದ ಕೈ.
ಒಳಗೇನೈತಿ ಅಂತ ಕೇಳಾಂಗಿಲ್ಲ ನಾ,
ಮೂಲಿ ಚುಚ್ಚಿದ್ರ ಫೋಟೋದ ಕಟ್ಟು,
ಒತ್ತಿದಲ್ಲೆ ತಗ್ಗು ಬಿದ್ರ ಕೂಸಿನ ಕುಲಾಯಿ.

ದ್ಯಾಮವ್ವ ಬಂದಾಗ ಮಾತ್ರ
ಕೈಗಿಂತ ಮೊದಲ ಮೂಗಿಗೆ ತಿಳೀತು.
ಕೋಲ್ಡ್ ಸ್ಟೋರೇಜಿನ್ಯಾಗ ಮೆಣಸಿನಕಾಯಿ ತುಂಬು ಮುರಿಯಾಕಿ,
ಸೆರಗು ಝಾಡಿಸಿದ್ರ
ಪಿಂಚಣಿ ಸಾಲಿನ ಮುದುಕರೆಲ್ಲ ಸೀನತಾರ.
ಕೇಳದಿದ್ರೂ ಒಂದೊಂದ ತಗದು ತೋರಿಸಿದ್ಲು:
ಖಡಕ್ ರೊಟ್ಟಿ, ಗುರೆಳ್ಳ ಹಿಂಡಿ,
ತಾನ ಆರಿಸಿ ಕುಟ್ಟಿದ ಕೆಂಪು ಖಾರ,
ಸಂತ್ಯಾಗ ಕೊಂಡ ಉಲನ್ ಕಾಲಚೀಲ, ಎರಡು ಜೋಡಿ,
ಚೀಟಿ ಇನ್ನೂ ಹರದಿರಲಿಲ್ಲ.

"ಮಗ ಮಿಲಿಟ್ರ್ಯಾಗ ಅದಾನೇನವ್ವಾ?"
"ಮಗಳರಿ."
ಅಷ್ಟಂದು, ರೊಟ್ಟಿ ಒಡೀಬಾರದಂತ
ಸಂದಿಗೆ ಹಳೇ ಪೇಪರು ತುರುಕಿದ್ಲು.
ನಾ ಸೂಜಿಯ ಕಣ್ಣು ಹುಡುಕಿದೆ,
ಜರಾ ಹೊತ್ತು ಹಿಡೀತು.

ಬಟ್ಟಿ ಮ್ಯಾಲ ವಿಳಾಸ ಬರದೆ.
ನಂಬರು, ನೇತ್ರಾವತಿ ಕಬ್ಬೂರ, ಪಡೆಯ ಹೆಸರು,
ಒಂಬತ್ತರಿಂದ ಶುರುವಾಗೋ ಪಿನ್ನು,
ಐವತ್ತಾರು ಎಪಿಓ.
"ಅದು ಯಾವ ಕಡೆ ಬರತೈತಿ, ರಾಜೇಸಾಬಣ್ಣ?
ನಾ ಹುಬ್ಬಳ್ಳಿ ದವಾಖಾನಿ ದಾಟಿ ಆಚೆ ಕಂಡಾಕೆಲ್ಲ."
"ಊರ ಹೆಸರು ಬರ್ಯಾಂಗಿಲ್ಲವ್ವ, ಅದು ಗುಟ್ಟು.
ಆದ್ರೂ ಮುಟ್ಟತೈತಿ."
"ಊರ ಇಲ್ಲಂದಮ್ಯಾಲ
ಮನಿ ತೋರಿಸವ್ರು ಯಾರು?"
ನನ್ನ ಕಡೆ ಉತ್ತರ ಇರಲಿಲ್ಲ. ಅರಗು ಹಚ್ಚಿದೆ.

ಕೌಂಟರಿನ ಹುಡುಗ ಅಲ್ಲಾಡಿಸಿ ನೋಡಿ
"ಒಳಗ ಎಣ್ಣಿ ಐತಿ, ತಗೀರಿ" ಅಂದ.
ಹನ್ನೊಂದು ಹೊಲಿಗಿ ಬಿಚ್ಚಿದೆ.
ಅಂಗೈ ಉದ್ದದ ಬಾಟ್ಲಿ, ಕೊಬ್ಬರಿ ಎಣ್ಣಿ.
"ಕೂದಲ ಗಿಡ್ಡ ಕತ್ತರಿಸ್ಯಾರಂತ್ರಿ,
ಇಷ್ಟ ಸಾಕಾಗತೈತಿ ಅಂತ
ಸಣ್ಣದ ತಂದಿದ್ದೆ" ಅಂದ್ಲು ಹುಡುಗಗ.
ಸಣ್ಣದಿದ್ರೂ ನಡ್ಯಾಂಗಿಲ್ಲಂತ.
"ಕಳಸಾಕಂತ ತಂದದ್ದು ಹೊಳ್ಳಿ ಮನಿಗೆ ಒಯ್ಯಬಾರದು,
ನೀವ ಇಟ್ಕೋರಿ" ಅಂತ ನನ್ನ ಪೆಟಗಿ ಮ್ಯಾಲ ಇಟ್ಲು.

ತೂಕ ಎರಡು ಕಿಲೋದ ಮ್ಯಾಲ.
ಎಲಿಚೀಲದಾಗಿನ ನೋಟು ಎಣಸಬೇಕಾದ್ರ
ಇದಕ ಎಷ್ಟು ಕಿಲೋ ತುಂಬು ಅಂತ
ತುಟಿಯಾಗ ಲೆಕ್ಕ ಹಾಕಿದ್ಲು, ಕಂಡೆ.
ಹೊಲಿಗಿ ನಲವತ್ತು ರೂಪಾಯಿ ತಗೊಂಡೆ.
ಬ್ಯಾಡ ಅನಬಹುದಿತ್ತು.
ಅನಲಿಲ್ಲ.

ಹತ್ತೊಂಬತ್ತನೇ ದಿನ ಫೋನು ಹಿಡಕೊಂಡ ಬಂದ್ಲು,
"ಕೇಳ್ರಿ, ಕೇಳ್ರಿ."
ಗಾಳಿಯ ಸಪ್ಪಳ, ಅದರೊಳಗ ಒಂದು ಹುಡುಗಿ:
"ಯವ್ವಾ, ಖಾರದ ಡಬ್ಬಿ ತಗದದ್ದ ತಡ
ಇಡೀ ಟೆಂಟು ಸೀನಿತು!
ಮಣಿಪುರದಾಕಿ, ಹರಿಯಾಣದಾಕಿ, ನಮ್ಮ ಹವಾಲ್ದಾರ ಸುದ್ದಾ.
ಸೀನಿ ಸೀನಿ ನಗಾಕ ಹತ್ತಿದ್ರು, ಯವ್ವಾ.
ಬಾಳ ದಿನ ಆಗಿತ್ತು."
ಏನು ಆಗಿ ಬಾಳ ದಿನ ಆಗಿತ್ತು,
ಅದನ್ನ ಹೇಳಲಿಲ್ಲ.
ಆಮ್ಯಾಲ, ಗಾಳಿ ಜರಾ ತಗ್ಗಿದ ಮ್ಯಾಲ:
"ಎಣ್ಣಿ ಮರತೇನು?"

ದ್ಯಾಮವ್ವ ನನ್ನ ನೋಡಿದ್ಲು.
ನಾ ಪೆಟಗಿ ನೋಡಿದೆ.

ಈಗ ಮುಂಜಾನೆ ಥಂಡಿ.
ಪೆಟಗಿ ತಗದ್ರ ಬಾಟ್ಲ್ಯಾಗಿನ ಎಣ್ಣಿ
ಬೆಳ್ಳಗ ಹೆಪ್ಪುಗಟ್ಟೇತಿ,
ತಲಿಕೆಳಗ ಹಿಡದ್ರೂ ಜರಗವಲ್ಲದು.
ನಮ್ಮ ಬ್ಯಾಡಗಿ ಚಳಿ ಏನು ಚಳಿ,
ಹತ್ತಕ್ಕೆ ಬಿಸಲು ಬಂದ್ರ ಅಂಗಿ ಗುಂಡಿ ಬಿಚ್ಚೋವ್ರು ನಾವು.
ಇಲ್ಲೇ ಹಿಂಗಂದ್ರ...

ಅರಗಿನ ಚಿಮಣಿ ಹಚ್ಚಿ
ಬಾಟ್ಲಿ ಅದರ ಮಗ್ಗಲಾಗ ಇಟ್ಟೆ,
ಬಾಳ ಹತ್ತರ ಅಲ್ಲ.
ಚಿಮಣಿ ಕಡೆ ಬಾಜೂ ಒಂದೀಟು ತಿಳಿಯಾತು.
ಅಷ್ಟರಾಗ ಯಾರೋ ಗಂಟು ತಂದು ಮುಂದ ಇಟ್ರು.
"ಎಲ್ಲಿಗೆ?" ಅಂತ ಕೇಳಿದೆ.
ಹಿಂದ ಯಾವತ್ತೂ ಮೊದಲ ಅದನ್ನ ಕೇಳತಿರಲಿಲ್ಲ.